ಹಾಜರಾಬಿಯ ಪಟ್ಟಿಗಣ್ಣಿ

ಹಾಜರಾಬಿಯನ್ನು ನಾನು ಮೊದಲು ಕಂಡ ದಿನವೇ ಆಕೆ ನನ್ನ ಕಪಾಳಕ್ಕೆ ಹೊಡೆದಳು.

ಅದು ೧೯೩೬ನೇ ಇಸವಿ, ಮುಂಗಾರು ಹಿಡಿಯುವ ಮುಂಚಿನ ದಿನಗಳು. ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ಟಾಂಗಾಗಳು ನಿಲ್ಲುವಲ್ಲಿ ಒಂದು ಬಾವಿ ಇತ್ತು. ಬಾವಿಯ ಪಕ್ಕದಲ್ಲಿ ಕುದುರೆಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿ. ಗಂಡ ತೀರಿಕೊಂಡ ಮೇಲೆ ಶಿರಗುಪ್ಪಿಯಿಂದ ಬಂದ ಸತ್ಯವ್ವ ನಾನು; ಆ ಬಾವಿಯಿಂದ ಬಾಳಕೃಷ್ಣರಾಯರ ಫೋಟೋ ಅಂಗಡಿಗೆ ನೀರು ಹೊರುತ್ತಿದ್ದೆ. ಚಿತ್ರ ಮೂಡಿದ ಕಾಗದವನ್ನು ಮೇಲಿಂದ ಮೇಲೆ ನೀರು ಬದಲಿಸಿ ತೊಳೆಯದಿದ್ದರೆ ಅದು ಹಳದಿ ತಿರುಗಿ ಕೆಡುತ್ತದೆ. ಹೊರುವುದೂ ತೊಳೆಯುವುದೂ ನನ್ನ ಕೆಲಸ.

ಆ ಬೆಳಿಗ್ಗೆ ದೋಣಿಯ ಸುತ್ತ ಒಬ್ಬ ಹೆಂಗಸು ಮೀಸೆ ಹೊತ್ತ ಗಂಡಸೊಬ್ಬನನ್ನು ಚಾಬೂಕು ಹಿಡಿದು ಅಟ್ಟಿಸಿಕೊಂಡು ಹೊಡೆಯುತ್ತಿದ್ದಳು.

"ಬೆವರು ಆರದ ಕುದರೀಗೆ ನೀರು ಕುಡಸ್ತೀಯೇನಲೇ? ಹೊಟ್ಟಿ ಉಬ್ಬಿ ಸಾಯ್ತಿತ್ತಲ್ಲೋ! ಹನಮ್ಯಾ, ನಿಂದರಲೇ! ಓಡಬ್ಯಾಡ!"

"ನಿಂತರೂ ಹೊಡೀತಿ, ಓಡಿದರೂ ಹೊಡೀತಿ ಬೀಬಿ. ಓಡಿದರ ಅರ್ಧಾನರ ತಪ್ಪತಾವು!"

ಟಾಂಗಾದವರೆಲ್ಲ ನಕ್ಕರು. ನಾನು ಕೊಡ ಹೊತ್ತು ದಾರಿಗಾಗಿ ಕಾಯುತ್ತ ನಿಂತಿದ್ದೆ. ಆಕೆಯ ಕಣ್ಣು ನನ್ನ ಮೇಲೆ ಬಿತ್ತು. ಚಾಬೂಕು ಕೈಬಿಟ್ಟು ನೆಟ್ಟಗೆ ನನ್ನ ಕಡೆ ಬಂದವಳೇ ಕಪಾಳಕ್ಕೆ ಬಾರಿಸಿದಳು. ಕೊಡ ಬಿದ್ದು ಒಡೆಯಿತು. ಕಿವಿ ಗುಂಯ್ ಎಂದಿತು.

"ಯಾಕ ಹೊಡದಿ?" ಎಂದು ಕೂಗಿದೆ.

ಆಕೆ ಅಂಗೈ ಬಿಡಿಸಿ ತೋರಿಸಿದಳು. ಜಜ್ಜಿ ಹೋದ ದೊಡ್ಡ ಕಂದು ನೊಣ, ಸುತ್ತ ರಕ್ತ. "ನಿನ್ನ ಗಲ್ಲದ ಮ್ಯಾಲ ಕುಂತಿತ್ತು. ಇದು ಮನಿ ನೊಣ ಅಲ್ಲ ತಂಗಿ, ಅಡವಿ ನೊಣ. ಚುಚ್ಚೂದಿಲ್ಲ, ಕೊಯ್ದು ಕುಡೀತೈತಿ."

"ನನ್ನ ಕೊಡ?"

"ಕೊಡ ಕುಂಬಾರ ಕೊಡ್ತಾನ. ಗಲ್ಲ ಯಾರು ಕೊಡ್ತಾರ ನಿಂಗ?"

ಮರುದಿನ ಹೊಸ ಕೊಡ ಬಂತು. ತಂದವನು ಅವಳ ಟಾಂಗಾ ಹೊಡೆಯುವ ಆಳು ಹನುಮಂತಪ್ಪ, ಅಂದರೆ ಅದೇ ಏಟು ತಿಂದವನು. "ನಮ್ಮ ಬೀಬಿ ಕೊಟ್ಟು ಕಳಿಸ್ಯಾಳ. ಬಾಸುಂಡಿ ನನಗ, ಕೊಡ ನಿನಗ" ಎಂದು ಇಟ್ಟು ಹೋದ.

ಹಾಜರಾಬಿಯ ಮನೆ ಸ್ಟೇಷನ್ನಿನ ಹಿಂದುಗಡೆ. ಅಂಗಳದ ಒಂದು ಕಡೆ ಆಕೆ, ಇನ್ನೊಂದು ಕಡೆ ಮೈದುನ ಗುಲಾಬಸಾಬ, ನಡುವೆ ಕುದುರೆ ಲಾಯ. ಮಕ್ಕಳಿರಲಿಲ್ಲ. ಗಂಡ ಸತ್ತದ್ದು ನೊಣದಿಂದ ಎಂದು ಆಕೆ ಹೇಳುತ್ತಿದ್ದಳು. ಹೊಟ್ಟೆಯ ಕೆಳಗೆ ನೊಣ ಮುತ್ತಿ ಹುಚ್ಚೆದ್ದ ಗಂಡು ಕುದುರೆಯೊಂದು ಅವನ ಎದೆಗೆ ಒದ್ದಿತ್ತು. ಎದೆಗೂಡು ಒಳಗೆ ಹೋಗಿ, ಬಾಯಿಂದ ರಕ್ತ ಉಕ್ಕಿ, ಆತ ಆಕೆಯ ತೊಡೆಯ ಮೇಲೆಯೇ ಸತ್ತ. ಆಕೆ ಅವನ ತಲೆಯನ್ನು ಕೆಳಗಿಟ್ಟು ಎದ್ದು, ಇನ್ನೂ ಒದೆಯುತ್ತಿದ್ದ ಆ ಕುದುರೆಯ ಹೊಟ್ಟೆಯ ಕೆಳಗೆ ಕೈ ಹಾಕಿ ಒಂದೊಂದೇ ನೊಣವನ್ನು ಕಿತ್ತು ಉಗುರಿನಲ್ಲಿ ಜಜ್ಜಿದಳಂತೆ. ಅಂದಿನಿಂದ ನೊಣ ಕಂಡರೆ ಬಿಡುತ್ತಿರಲಿಲ್ಲ. ಆದರೆ ಹೊಡೆಯುವ ಮುಂಚೆ ನೋಡುತ್ತಿದ್ದಳು. ಯಾವುದು ಕಿವಿಯಲ್ಲಿ ಕೂಡುತ್ತದೆ, ಯಾವುದು ಮೊಣಕಾಲ ಕೆಳಗೆ, ಯಾವುದು ಬಾಲದ ಬುಡದಲ್ಲಿ ಏಡಿಯಂತೆ ಅಡ್ಡಡ್ಡ ಓಡುತ್ತದೆ. ಹೆಸರು ಅವಳೇ ಇಟ್ಟದ್ದು: ಸೂಜಿಮೂತಿ, ಚಿಕ್ಕಿರೆಕ್ಕಿ, ಏಡಿನೊಣ, ಪಟ್ಟಿಗಣ್ಣಿ.

ಪಟ್ಟಿಗಣ್ಣಿ ಎಂದರೆ ನನ್ನ ಗಲ್ಲದ ಮೇಲೆ ಕುಳಿತದ್ದು. ಅದು ಬದುಕಿರುವಾಗ ಕಣ್ಣಿನಲ್ಲಿ ಹಸಿರು, ಕೆಂಪು ಪಟ್ಟಿಗಳಿರುತ್ತವೆ, ಇಳಕಲ್ ಸೀರೆಯ ದಡಿಯ ಹಾಗೆ. ಸತ್ತ ಸ್ವಲ್ಪ ಹೊತ್ತಿಗೆ ಪಟ್ಟಿ ಆರಿಹೋಗಿ ಕಣ್ಣು ಬರೀ ಕಂದಾಗುತ್ತದೆ.

ಗಂಡ ಬಿಟ್ಟುಹೋದದ್ದು ಎರಡು ಬೂದು ಬಣ್ಣದ ಕುದುರೆ. ಹೆಣ್ಣು ಚಾಂದನಿ ಹಾಜರಾಬಿಗೆ, ಗಂಡು ಬಾದಲ್ ಗುಲಾಬಸಾಬನಿಗೆ. ಎರಡೂ ಒಂದೇ ಎತ್ತರ, ಒಂದೇ ಬಣ್ಣ. ಬರೀ ಕುತ್ತಿಗೆ ನೋಡಿ ಹೇಳಬೇಕಾದರೆ ಒಂದೇ ಗುರುತು: ಚಾಂದನಿಯ ಜೂಲು ಬಲಕ್ಕೆ ಇಳಿಬೀಳುತ್ತಿತ್ತು, ಬಾದಲ್‌ನದು ಎಡಕ್ಕೆ. ಎಷ್ಟು ಬಾಚಿದರೂ ಕುದುರೆಯ ಜೂಲು ತನ್ನ ಮಗ್ಗುಲು ಬಿಡುವುದಿಲ್ಲ.

ಅತ್ತಿಗೆ ಮೈದುನರು ದಿನಾ ಜಗಳ ಆಡುತ್ತಿದ್ದರು. ಒಮ್ಮೆ ಆಕೆ ಎಸೆದ ಹುಲ್ಲು ಕೊಯ್ಯುವ ಕುಡುಗೋಲು ಅವನ ಕಿವಿಯ ಪಕ್ಕದ ಕಂಬಕ್ಕೆ ನಾಟಿತು. ಅವನು ಅದನ್ನು ಕಿತ್ತು, "ಭಾಭಿ, ಇಷ್ಟರಾಗ ತಪ್ಪಿತಲ್ಲ, ವಯಸ್ಸಾತು ನಿನಗ" ಎಂದು ವಾಪಸು ಕೊಟ್ಟ. ಮಧ್ಯಾಹ್ನ ಒಂದೇ ತಾಟಿನಲ್ಲಿ ರೊಟ್ಟಿ ತಿಂದರು.

ಆ ವರ್ಷ ಮಳೆಯ ಹೊತ್ತಿಗೆ ಒಂದು ಸರ್ಕಸ್ಸು ಗಬ್ಬೂರ ಹಳ್ಳದ ದಂಡೆಯಲ್ಲಿ ಇಳಿದಿತ್ತು. ಅವರ ಎರಡು ಕುದುರೆ ಅಲ್ಲಿಯೇ ಸತ್ತವು. ಆಮೇಲೆ ಆ ರೋಗ ಊರಿನ ಕುದುರೆಗಳಿಗೆ ಹತ್ತಿತು. ಜ್ವರ ಬರುವುದು, ಬಿಡುವುದು, ಮತ್ತೆ ಬರುವುದು. ಕಾಲು, ಹೊಟ್ಟೆಯ ತಳ ಬಾಯುವುದು. ಕೊನೆಗೆ ಹಿಂಗಾಲು ಎಳೆದುಕೊಂಡು ಬಿದ್ದು, ತಲೆಯನ್ನು ನೆಲಕ್ಕೆ ಬಡಿದು ಬಡಿದು ಸಾಯುವುದು. ದನದ ಡಾಕ್ಟರು ಶಾಂತಯ್ಯನವರು ರಕ್ತ ತೆಗೆದು ನೋಡಿ, ಇದು ರಕ್ತದ ಹುಳ, ಕಚ್ಚುವ ನೊಣ ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತದೆ ಎಂದರು. ಯಾವ ನೊಣ, ಎಲ್ಲಿಯದು ಎಂದು ಗೊತ್ತಾದರೆ ಆ ಜಾಗಕ್ಕೆ ಕುದುರೆ ಬಿಡದಂತೆ ನೋಡಿಕೊಳ್ಳಬಹುದು. ಪುಣೆಯಲ್ಲಿದ್ದ ದೊಡ್ಡವರಿಗೆ ತೋರಿಸಲು ನೊಣದ ಫೋಟೋ ಬೇಕಾಯಿತು. ಸತ್ತ ನೊಣ ಆಗುವುದಿಲ್ಲ, ಕಣ್ಣಿನ ಪಟ್ಟಿ ಕಾಣಬೇಕು.

ಹೀಗೆ ಬಾಳಕೃಷ್ಣರಾಯರು ತಮ್ಮ ದೊಡ್ಡ ಕ್ಯಾಮೆರಾ ಹೊತ್ತು ಹಾಜರಾಬಿಯ ಅಂಗಳಕ್ಕೆ ಬಂದರು. ನಾನು ಬಿಸಿಲು ತಿರುಗಿಸಲು ಕನ್ನಡಿ ಹಿಡಿದು ನಿಂತೆ. ಅಡವಿ ನೊಣ ಅಲುಗದೆ ಕೂಡುವುದು ರಕ್ತ ಕುಡಿಯುವಾಗ ಮಾತ್ರ. ಆದರೆ ನೊಣ ಕೂತ ಕೂಡಲೇ ಕುದುರೆ ಆ ಜಾಗದ ಚರ್ಮವನ್ನಷ್ಟೇ ನಡುಗಿಸುತ್ತದೆ. ತೆಗೆದ ಫೋಟೋ ಎಲ್ಲ ಮಂಕು.

ಹಾಜರಾಬಿ ತೋಳು ಮೇಲೇರಿಸಿ ಕಟ್ಟೆಯ ಮೇಲೆ ಕೈ ಚಾಚಿದಳು. "ಕುದರಿ ತೊಗಲು ನಡಗಸತೈತಿ. ನಾ ನಡಗಸೂದಿಲ್ಲ. ಗುಲಾಬ, ನೊಣ ಹಿಡಕೊಂಡು ಬಾ."

ಡಾಕ್ಟರು ಬೇಡವೆಂದರು. ಈ ರೋಗ ಮನುಷ್ಯರಿಗೆ ಹತ್ತುವುದಿಲ್ಲ ನಿಜ, ಆದರೂ ಬೇಡ ಎಂದರು. ಗುಲಾಬಸಾಬ ಅಷ್ಟರಲ್ಲಿ ಗಾಜಿನ ಲೋಟದಲ್ಲಿ ಪಟ್ಟಿಗಣ್ಣಿಯನ್ನು ಹಿಡಿದು ಆಕೆಯ ಮುಂಗೈ ಮೇಲೆ ಬೋರಲು ಹಾಕಿದ್ದ. ನೊಣ ಎರಡು ಸುತ್ತು ತಿರುಗಿ ನಿಂತಿತು, ಕೊಯ್ಯಿತು. ಅವನು ಲೋಟ ಎತ್ತಿದ. ರಕ್ತ ಗೆರೆಯಾಗಿ ಮಣಿಕಟ್ಟಿನತ್ತ ಇಳಿಯಿತು.

"ಅಯ್ಯೋ, ರಕ್ತ ಬಂತಲ್ಲವಾ!" ಎಂದು ಕ್ಯಾಮೆರಾದ ಕರೀ ಬಟ್ಟೆಯೊಳಗಿಂದ ರಾಯರ ದನಿ.

"ಅರಬಿಯೊಳಗ ಕುಂತು ಅಳಬ್ಯಾಡ್ರಿ ರಾಯರ. ಅದು ಕುಡುದು ಹೋಗೂದರಾಗ ಫೋಟೋ ತಗೀರಿ!"

ಫೋಟೋ ಆದ ಮೇಲೂ ಆಕೆ ಕೈ ಎಳೆದುಕೊಳ್ಳಲಿಲ್ಲ. ನೊಣ ಹೊಟ್ಟೆ ತುಂಬಿ ಮೇಲೇಳುವ ಹೊತ್ತಿಗೆ ಇನ್ನೊಂದು ಕೈಯಿಂದ ಬಡಿದಳು. "ನಂದು ನನಗ ಕೊಟ್ಟು ಹೋಗು" ಎಂದು ಅಂಗೈಯನ್ನು ಗುಲಾಬಸಾಬನ ಅಂಗಿಗೆ ಒರೆಸಿದಳು. ಆ ಮಳೆಗಾಲದ ಕೊನೆಗೆ ಆಕೆಯ ಎರಡೂ ಮುಂಗೈ ಗಂಟುಗಂಟಾಗಿ, ಕೆರೆದು ಕೀವಾಗಿ, ಹಲಸಿನ ಹಣ್ಣಿನ ಸಿಪ್ಪೆಯಂತಾಗಿದ್ದವು.

ತೆಗೆದದ್ದೊಂದು, ಗುರುತು ಹಿಡಿಯುವುದೊಂದು. ಮೊದಲ ಪ್ರಿಂಟನ್ನು ಕೈಗೆ ಕೊಟ್ಟಾಗ ಆಕೆ ಅದನ್ನು ತಿರುಗಿಸಿ ಮುರುಗಿಸಿ, "ಇದೇನ್ರಿ, ಕೋಣದ ಮಾರಿ?" ಎಂದಳು. ಫೋಟೋದಲ್ಲಿ ಬಣ್ಣವಿಲ್ಲ. ಗುಂಯ್‌ಗುಡುವ ದನಿಯಿಲ್ಲ. ಅಂಗೈ ಅಗಲ ಹಿಗ್ಗಿಸಿದ ಮೇಲೆ ಸಣ್ಣದು ದೊಡ್ಡದು ಎಂಬ ಭೇದವೂ ಇಲ್ಲ. ಉಳಿಯುವುದು ಆಕಾರ ಮಾತ್ರ. ರೆಕ್ಕೆಯನ್ನು ಮನೆಯ ಮಾಡಿನಂತೆ ಇಳಿಸಿದೆಯೋ ಬಿಡಿಸಿದೆಯೋ, ರೆಕ್ಕೆಯ ಮೇಲೆ ಚುಕ್ಕಿಯೋ ಕಪ್ಪು ಪಟ್ಟೆಯೋ, ತಲೆಯ ಮೇಲಿನ ಕೋಡು ಗಿಡ್ಡವೋ ಉದ್ದವೋ, ಕಣ್ಣಿನಲ್ಲಿ ಗೆರೆ ಎಷ್ಟು. ನಾನು ತೊಳೆದು ದಾರಕ್ಕೆ ಹಾಕಿದ ಪ್ರಿಂಟುಗಳನ್ನು ಆಕೆ ಬಂದು ನೋಡುತ್ತಿದ್ದಳು, ಆರಿದ ಮೇಲೆ ಗೋಣಿತಟ್ಟಿನ ಮೇಲೆ ಗುಂಪು ಮಾಡಿ ಇಡುತ್ತಿದ್ದಳು. ಡಾಕ್ಟರು ಬಂದು ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿ ಉದ್ದನೆಯ ಹೆಸರು ಬರೆಯುತ್ತಿದ್ದರು. ಒಮ್ಮೆ ಆಕೆ ಬರೀ ಮನೆನೊಣವನ್ನು ಸೂಜಿಮೂತಿ ಎಂದಳು. ಡಾಕ್ಟರು ನಕ್ಕರು. ಆಕೆ ಒದ್ದೆ ಪ್ರಿಂಟನ್ನು ಅವರ ಮುಖಕ್ಕೇ ಎಸೆದು ಎದ್ದು ಹೋದಳು. ಮರುದಿನ ಬಂದು, "ಅದು ಮೂತಿ ಅಡಗಿಸಿಕೊಂಡಿತ್ತು. ನಾ ನೋಡದನ ಹೇಳಿದೆ. ಇನ್ನ ಕಂಡದ್ದಷ್ಟ ಹೇಳತೇನಿ" ಎಂದಳು. ಆ ಮೇಲೆ ಕಾಣದ್ದಕ್ಕೆ "ಕಾಣೂದಿಲ್ಲ" ಎನ್ನುತ್ತಿದ್ದಳು. ಅದಕ್ಕೇ ಎಲ್ಲರೂ ಆಕೆಯ ಮಾತು ನಂಬಿದರು.

ಪಟ್ಟಿಗಣ್ಣಿ ಗಬ್ಬೂರ ಹಳ್ಳದ ಕೆಸರಿನಲ್ಲಿ ಹುಟ್ಟುತ್ತದೆ, ಸರ್ಕಸ್ಸಿನ ಕುದುರೆಗಳ ರೋಗವನ್ನು ಹರಡಿದ್ದು ಅದೇ ಎಂದು ಕೊನೆಗೆ ತೀರ್ಮಾನವಾಯಿತು. ಯಾರೂ ಅಲ್ಲಿಗೆ ಕುದುರೆ ಒಯ್ಯಬಾರದೆಂದು ಡಂಗುರ ಸಾರಿಸಿದರು. ಹಳ್ಳಕ್ಕೆ ಹೋಗಿ ಬಂದ ಕುದುರೆಗೆ ಜ್ವರ ಬಂದರೆ ಗುಂಡಿಟ್ಟು ಕೊಲ್ಲಬೇಕು. ರಕ್ತದಲ್ಲಿ ಹುಳ ಒಂದು ದಿನ ಕಂಡರೆ ಎಷ್ಟೋ ದಿನ ಅಡಗಿರುತ್ತದೆ, ಕಾಯುತ್ತ ಕೂತರೆ ಊರಿನ ಕುದುರೆಗಳೆಲ್ಲ ಹೋಗುತ್ತವೆ. ಹಾಗೆ ಕೆಲವು ಕುದುರೆಗಳು ಸತ್ತವು. ಒಬ್ಬ ಟಾಂಗಾದವನು ಡಾಕ್ಟರ ತಲೆಗೆ ಕಲ್ಲು ಹಾಕಿದ. ಅವರು ರಕ್ತ ಒರೆಸಿಕೊಂಡು ಮುಂದಿನ ಲಾಯಕ್ಕೆ ನಡೆದರು.

ಅಕ್ಟೋಬರದಲ್ಲಿ ಒಂದೇ ವಾರ ಚಾಂದನಿಗೂ ಬಾದಲ್‌ಗೂ ಜ್ವರ ಬಂತು.

ಡಾಕ್ಟರು ಒಂದು ಪ್ರಿಂಟು ಹಿಡಿದು ಅಂಗಳಕ್ಕೆ ಬಂದರು. ಆ ತಿಂಗಳ ಮೊದಲಿಗೆ ಅವರೂ ರಾಯರೂ ಗಬ್ಬೂರ ಹಳ್ಳಕ್ಕೆ ಹೋಗಿ ಅಲ್ಲಿ ಮೇಯುತ್ತಿದ್ದ ಪ್ರಾಣಿಗಳ ಮೈಮೇಲಿನ ನೊಣಗಳ ಫೋಟೋ ತೆಗೆದಿದ್ದರು. ಡಾಕ್ಟರು ಆಗ ಕೆಳಗೆ ಕೆಸರು ಸೋಸುತ್ತಿದ್ದರು. ರಾಯರು ಬಟ್ಟೆಯೊಳಗಿದ್ದರು. ಕ್ಯಾಮೆರಾದ ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆ, ಕುದುರೆಯ ಕಡೆ ಯಾರಿಗೂ ಲಕ್ಷ್ಯವಿರಲಿಲ್ಲ. ಜಾಲಿಯ ನೆರಳಲ್ಲಿ ಯಾರೋ ಮುಖಕ್ಕೆ ರುಮಾಲು ಹೊದ್ದು ಮಲಗಿದ್ದನಂತೆ. ಎಬ್ಬಿಸಿರಲಿಲ್ಲ. ಪ್ರಿಂಟಿನಲ್ಲಿ ಒಂದು ಪಟ್ಟಿಗಣ್ಣಿ, ಅದರ ಕೆಳಗೆ ಬೂದು ಕುದುರೆಯ ಕುತ್ತಿಗೆ, ಸ್ವಲ್ಪ ದವಡೆ.

"ಊರಾಗ ಬೂದು ಕುದುರಿ ಎರಡ ಅವ, ಎರಡೂ ಈ ಅಂಗಳದಾಗ ಅವ" ಎಂದರು ಡಾಕ್ಟರು. "ಇದರೊಳಗ ಒಂದು ಹಳ್ಳಕ್ಕ ಹೋಗೇದ. ಯಾವುದು?"

"ನಾ ಒಯ್ದಿಲ್ಲ" ಎಂದಳು ಹಾಜರಾಬಿ. "ನಾನೂ ಒಯ್ದಿಲ್ಲ" ಎಂದ ಗುಲಾಬಸಾಬ. ಹನುಮಂತಪ್ಪ ಲಾಯದ ಬಾಗಿಲಲ್ಲಿ ಹುಲ್ಲು ಹಿಡಿದು ನಿಂತಿದ್ದ. ಅವನನ್ನು ಕೇಳಿದಾಗ ಬೀಬಿಯ ಕೈಯಲ್ಲಿದ್ದ ಚಾಬೂಕನ್ನು ನೋಡಿ, ತಲೆ ಅಲ್ಲಾಡಿಸಿದ.

"ಭಾಭಿ ಕೈಯಾಗ ಕೊಡ್ರಿ ಆ ಫೋಟೋ" ಎಂದ ಗುಲಾಬಸಾಬ. "ಆಕಿ ನನ್ನ ಹೊಡದಾಳು, ಬಡದಾಳು, ಸುಳ್ಳು ಹೇಳಾಕಿ ಅಲ್ಲ. ಆಕಿ ಹೇಳಿದ್ದ ಖರೇ."

ಹಾಜರಾಬಿ ಪ್ರಿಂಟನ್ನು ಬಿಸಿಲಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಕುದುರೆಯ ಮುಖ ಚಿತ್ರದ ಎಡಕ್ಕಿತ್ತು, ಜೂಲು ನಮ್ಮ ಕಡೆ ಇಳಿದಿತ್ತು. ಎಂದರೆ ಎಡ ಮಗ್ಗುಲಿನ ಜೂಲು.

"ನೊಣ ಪಟ್ಟಿಗಣ್ಣಿ" ಎಂದಳು. "ಕುದರಿ..." ಎಂದು ನಿಂತಳು. "ಕುದರಿ ಬಾದಲ್."

"ಭಾಭಿ!"

"ಜೂಲು ಎಡಕ್ಕೈತಿ ಗುಲಾಬ. ಕಂಡದ್ದು ಹೇಳೇನಿ."

"ಅಲ್ಲಾನ ಆಣಿ, ನಾ ಒಯ್ದಿಲ್ಲ! ನನ್ನ ಮಾತಿಗಿಂತ ಈ ಕಾಗದ ಹೆಚ್ಚಾತೇನು ನಿನಗ?"

ಆಕೆ ಪ್ರಿಂಟನ್ನು ಡಾಕ್ಟರ ಕೈಗೆ ವಾಪಸು ಕೊಟ್ಟಳು. ಬಾದಲ್‌ನನ್ನು ಊರ ಹೊರಗಿನ ತಗ್ಗಿಗೆ ಒಯ್ದರು. ಗುಲಾಬಸಾಬ ಅದರ ಕುತ್ತಿಗೆಗೆ ಜೋತುಬಿದ್ದ. ಎಳೆಯಲು ಬಂದ ಜವಾನನ ಕಿವಿಯನ್ನು ಕಚ್ಚಿ ಹರಿದ. ಇನ್ನೊಬ್ಬ ಲಾಠಿಯ ತುದಿಯಿಂದ ಅವನ ಬಾಯಿಗೆ ತಿವಿದ. ಮುಂದಿನ ಹಲ್ಲುಗಳು ಉದುರಿದವು. ಮೊದಲ ಗುಂಡು ಸರಿಯಾಗಿ ಬೀಳಲಿಲ್ಲ. ದವಡೆ ಒಡೆದ ಕುದುರೆ ಎದ್ದು, ಗುಲಾಬಸಾಬನ ಕಡೆಗೇ ನಾಲ್ಕು ಹೆಜ್ಜೆ ಬಂದು, ಎರಡನೆಯ ಗುಂಡಿಗೆ ಬಿತ್ತು. ಅವನು ಬಾಯಲ್ಲಿ ರಕ್ತ ತುಂಬಿಕೊಂಡು ಅತ್ತಿಗೆಯತ್ತ ತಿರುಗಿ ಉಗುಳಿದ. ಉಗುಳು ಆಕೆಯ ಪಾದದ ಮೇಲೆ ಬಿತ್ತು. ಆಕೆ ಒರೆಸಿಕೊಳ್ಳಲಿಲ್ಲ.

ಅವನು ಅಂಗಳದ ನಡುವೆ ಜಾಲಿಮುಳ್ಳಿನ ಬೇಲಿ ಹಾಕಿದ. ಬೇರೆಯವರ ಟಾಂಗಾ ಹೊಡೆಯಲು ಹೋದ. ಹೆಂಡ ಕುಡಿಯತೊಡಗಿದ. ಟಾಂಗಾದವರು ಅವನಿಗೆ ಸುಳ್ಳಾಣೆಯ ಗುಲಾಬ ಎಂದು ಹೆಸರಿಟ್ಟರು. ಆ ಹೆಸರು ಕೇಳಿದಾಗಲೆಲ್ಲ ಅವನು ಯಾರನ್ನಾದರೂ ಹೊಡೆಯುತ್ತಿದ್ದ ಇಲ್ಲವೆ ಹೊಡೆಸಿಕೊಳ್ಳುತ್ತಿದ್ದ. ಇತ್ತ ಚಾಂದನಿಯ ಜ್ವರ ಬಿಟ್ಟಿತು. "ನೋಡ್ರಿ, ಇದಕ್ಕ ಬರೇ ಬಿಸಿಲು ಬಡದಿತ್ತು" ಎಂದರು ಎಲ್ಲರೂ.

ಪುಣೆಗೆ ಕಳಿಸಲು ಡಾಕ್ಟರು ಅದೇ ಚಿತ್ರದ ಇನ್ನೊಂದು ಪ್ರಿಂಟು ಕೇಳಿದರು. ರಾಯರು ಮಾಡಿಕೊಟ್ಟದ್ದನ್ನು ನಾನು ತೊಳೆದು ದಾರಕ್ಕೆ ಹಾಕಿದೆ. ಪಕ್ಕದಲ್ಲಿ, ಮಾದರಿಗೆಂದು ಡಾಕ್ಟರು ಕೊಟ್ಟ ಹಳೆಯ ಪ್ರಿಂಟೂ ತೂಗುತ್ತಿತ್ತು. ನೀರು ಸೋರುವುದನ್ನು ನೋಡುತ್ತ ನಿಂತವಳಿಗೆ ಎರಡು ಕುದುರೆಗಳು ಒಂದರ ಮುಖ ಒಂದು ನೋಡುತ್ತಿರುವುದು ಕಂಡಿತು. ಅದೇ ನೊಣ, ಅದೇ ಕುತ್ತಿಗೆ. ಹಳೆಯದು ಎಡಕ್ಕೆ ನೋಡುತ್ತಿತ್ತು, ಹೊಸದು ಬಲಕ್ಕೆ.

ರಾಯರನ್ನು ಕರೆದೆ. ಅವರು ಬಂದು ನೋಡಿ, ಆ ಚಿತ್ರದ ಗಾಜನ್ನು ತಂದು ಬೆಳಕಿಗೆ ಹಿಡಿದು, ತಪ್ಪಿದ್ದು ಹಳೆಯದೇ ಎಂದರು.

ಚಿತ್ರ ಹಿಡಿಯುವ ಗಾಜಿನ ಒಂದೇ ಮೈಗೆ ಮದ್ದು ಹಚ್ಚಿರುತ್ತದೆ. ಗಾಜನ್ನು ಮಗುಚಿ ಹಾಕಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಆಗುತ್ತದೆ. ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರವಾದರೆ ಮಂಕಾಗಿ ತಪ್ಪು ಅಲ್ಲೇ ಗೊತ್ತಾಗುತ್ತದೆ. ಆದರೆ ನೊಣವನ್ನು ಹಿಗ್ಗಿಸುವುದು ದೀಪದ ಪೆಟ್ಟಿಗೆಯಲ್ಲಿ, ಅಲ್ಲಿ ಹೇಗೆ ಹಾಕಿದರೂ ಸ್ವಚ್ಛವಾಗಿ ಬರುತ್ತದೆ. ಮನುಷ್ಯರ ಫೋಟೋದಲ್ಲಿ ರಾಯರು ಎಂದೂ ಹೀಗೆ ತಪ್ಪಿದವರಲ್ಲ. ಸೆರಗು ಬಲ ಹೆಗಲಿಗೆ ಹೋದರೆ ಗಿರಾಕಿ ಜಗಳಕ್ಕೆ ಬರುತ್ತಾರೆ. ನೊಣಕ್ಕೆ ಸೆರಗಿಲ್ಲ. ಎಡವಾದರೂ ಬಲವಾದರೂ ನೊಣ ನೊಣವೇ ಎಂದು ಅವರು ನೋಡುವುದನ್ನು ಬಿಟ್ಟಿದ್ದರು.

ನಾನು ಎರಡೂ ಪ್ರಿಂಟು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ರಾಯರು ಹಿಂದಿನಿಂದ ಓಡಿಬಂದರು. ಹಾಜರಾಬಿ ಚಾಂದನಿಯ ಕಾಲಿಗೆ ಬಿಸಿ ಸೊಪ್ಪು ಕಟ್ಟುತ್ತಿದ್ದಳು. ಆ ದಿನ ಬೆಳಿಗ್ಗೆ ಜ್ವರ ಮರಳಿ ಬಂದಿತ್ತು, ಹಿಂಗಾಲು ಬಾತಿತ್ತು. ನಾನು ಹೇಳಿದ್ದನ್ನು ಆಕೆ ನಡುವೆ ಬಾಯಿ ಹಾಕದೆ ಕೇಳಿದಳು. ಗೋಡೆಯಲ್ಲಿದ್ದ ಕನ್ನಡಿ ಚೂರಿಗೆ ಹಳೆಯ ಪ್ರಿಂಟನ್ನು ಹಿಡಿದಳು. ಕನ್ನಡಿಯೊಳಗೆ ಕುದುರೆ ಬಲಕ್ಕೆ ನೋಡಿತು.

ಚಾಬೂಕು ತೆಗೆದುಕೊಂಡು ಹನುಮಂತಪ್ಪನ ಮುಂದೆ ನಿಂತಳು. ಒಂದು ಏಟು ಬೀಳುವುದರೊಳಗೆ ಅವನು ಬಾಯಿ ಬಿಟ್ಟ.

"ಮೇವು ಬಿಟ್ಟಿತ್ತು ಬೀಬಿ, ಹಸೀ ಹುಲ್ಲು ತಿನ್ನಲಿ ಅಂತ ಹಳ್ಳಕ್ಕ ಒಯ್ದಿದ್ದೆ. ಒಂದ ಸಲ. ಮಲಕೊಂಡೆ. ಎದ್ದು ಬರೂದರಾಗ ಯಾರೂ ಇರಲಿಲ್ಲ."

"ಆವತ್ತ ಯಾಕ ಹೇಳಲಿಲ್ಲ?"

"ಹೇಳಿದ್ದರ ಕೊಲ್ಲತಿದ್ದಿ."

ಆಕೆಯ ಎತ್ತಿದ ಕೈ ಹಾಗೆಯೇ ನಿಂತಿತು. ಕೈಯಲ್ಲಿದ್ದ ಚಾಬೂಕನ್ನು ತಿರುಗಿಸಿ ನೋಡಿದಳು.

"ಹಾಜರಾಬಿ, ನನ್ನ ಮಾತು ಕೇಳವಾ" ಎಂದರು ರಾಯರು. "ಇದು ನಮ್ಮ ಮೂರು ನಾಲ್ಕು ಮಂದಿಗೆ ಮಾತ್ರ ಗೊತ್ತದ. ಸತ್ತ ಕುದುರಿ ಎದ್ದು ಬರ್ತದೇನು? ನೀ ಬಾಯಿ ಬಿಟ್ಟರ ಇದನ್ನೂ ಹೊಡೀತಾರ. ನಿನಗ ಇರೋದು ಇದೊಂದ."

"ಬಾಯಿ ಮುಚ್ಚಿಕೊಂಡರ ಚಾಂದನಿ ಉಳೀತಾಳ, ಗುಲಾಬ ಸಾಯೂತನಕ ಸುಳ್ಳಗಾರ ಆಗತಾನ" ಎಂದಳು ಆಕೆ. "ಇಕಿ ಉಳದು ಮತ್ತ ಯಾರ ಯಾರ ಕುದರಿ ಕೊಲ್ಲಬೇಕ್ರಿ, ರಾಯರ?" ಹೇಳಿದವಳೇ ಅವರ ಕಪಾಳಕ್ಕೆ ಒಂದು ಕೊಟ್ಟಳು. ಕನ್ನಡಕ ಹಾರಿ ಸಗಣಿಯಲ್ಲಿ ಬಿತ್ತು. ಅವಳೇ ಎತ್ತಿ, ಒರೆಸಿ, ಅವರ ಕೈಗೆ ಕೊಟ್ಟು ಹೊರಗೆ ನಡೆದಳು.

ಸ್ಟೇಷನ್ನಿನ ಮುಂದೆ ಟಾಂಗಾಗಳೆಲ್ಲ ನಿಂತಿದ್ದವು. ಆಕೆ ಗುಲಾಬಸಾಬನ ಎದುರು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನೀ ಖರೇ ಹೇಳಿದ್ದಿ. ನನ್ನ ಕಣ್ಣು ತಪ್ಪಿತು. ಹಳ್ಳಕ್ಕ ಹೋದದ್ದು ನನ್ನ ಚಾಂದನಿ." ಒಂದು ಕೈಯಲ್ಲಿ ಎರಡು ಪ್ರಿಂಟು, ಇನ್ನೊಂದು ಕೈಯಲ್ಲಿ ಚಾಬೂಕು ಚಾಚಿದಳು. "ಹೊಡಿ."

ಅವನು ಪ್ರಿಂಟುಗಳನ್ನು ನೋಡಿದ. ನಾನು ತೋರಿಸಿ ಹೇಳಿದೆ. ಅವನು ಚಾಬೂಕು ಮುಟ್ಟಲಿಲ್ಲ.

"ಬಾದಲ್ ನನ್ನ ಕಡೇನ ಬಂದಿತ್ತು, ಭಾಭಿ" ಎಂದ. ಹಲ್ಲಿಲ್ಲದ ಬಾಯಿಂದ ಮಾತು ಸೋರಿದಂತೆ ಬಂತು. "ದವಡಿ ಹೋದ ಮ್ಯಾಲೂ ನನ್ನ ಕಡೇನ ಬಂತು."

ಗಾಲಿಗೆ ಅಡ್ಡ ಇಡುವ ಕಟ್ಟಿಗೆ ಅವನ ಕಾಲ ಬಳಿ ಬಿದ್ದಿತ್ತು. ಅದನ್ನೆತ್ತಿ ಬೀಸಿದ. ಆಕೆ ಕೈ ಅಡ್ಡ ತಂದಳು. ಕಟ್ಟಿಗೆಯಲ್ಲಿ ತುಕ್ಕು ಹಿಡಿದ ಮೊಳೆಯಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ತೊಗಲು ಸೀಳಿ ಎಲುಬು ಬೆಳ್ಳಗೆ ಕಂಡಿತು. ಜನ ಗುಲಾಬಸಾಬನ ಮೇಲೆ ಬಿದ್ದು ತುಳಿಯತೊಡಗಿದರು. ಹಾಜರಾಬಿ ಎಡಗೈಯಲ್ಲಿ ಚಾಬೂಕು ಹಿಡಿದು ಆ ಜನರನ್ನು ಹೊಡೆದಳು. ಮುಖ ನೋಡಲಿಲ್ಲ, ಬೆನ್ನು ನೋಡಲಿಲ್ಲ.

"ಬಿಡ್ರಲೇ ಅವನ್ನ! ನಮ್ಮ ಮನಿ ಹೊಡದಾಟಾ ಇದು, ನಿಮ್ಮಪ್ಪಂದೇನು ಹೋಗತೈತಿ?"

ಡಾಕ್ಟರು ಧಾರವಾಡಕ್ಕೆ ಹೋಗಿದ್ದರು. ಬರಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ಆಕೆ ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ಲಾಯದಲ್ಲಿಯೇ ಇದ್ದಳು. ಚಾಂದನಿಯ ಮೇಲೆ ಕೂತ ನೊಣ ಇನ್ನೊಬ್ಬರ ಕುದುರೆಗೆ ಹೋಗಬಾರದೆಂದು ಹೊಗೆ ಹಾಕುತ್ತ, ಕಂಡ ನೊಣವನ್ನೆಲ್ಲ ಹೊಡೆಯುತ್ತ ಕೂತಳು. ದವಾಖಾನೆಗೆ ಹೋಗೋಣ ಎಂದರೆ, "ಇದು ಮುಗೀಲಿ" ಎಂದಳು. ಡಾಕ್ಟರು ಬಂದು ಎಲ್ಲ ಕೇಳಿ ತಲೆ ತಗ್ಗಿಸಿ ನಿಂತರು. ಆಕೆ ಅವರಿಗೆ ಹೇಳಿದ್ದು ಇಷ್ಟೇ: "ಇನ್ನ ಮ್ಯಾಲ ಫೋಟೋ ಇಬ್ಬರಿಗೆ ತೋರಿಸ್ರಿ, ಸಾಹೇಬ್ರ. ಒಬ್ಬರ ಕಣ್ಣಿನ ಮ್ಯಾಲ ಕುದರಿ ಕೊಲ್ಲಬ್ಯಾಡ್ರಿ."

ಚಾಂದನಿಯ ಕಣ್ಣಿಗೆ ತನ್ನ ಓಢಣಿ ಕಟ್ಟಿ, ತಗ್ಗಿನ ದಂಡೆಗೆ ತಾನೇ ನಡೆಸಿಕೊಂಡು ಹೋದಳು. ಹಗ್ಗ ಬೇರೆಯವರ ಕೈಗೆ ಕೊಡಲಿಲ್ಲ. ಬಂದೂಕಿನ ಬಾಯಿ ಎಲ್ಲಿ ಇಡಬೇಕೆಂದು ಬೆರಳಿಟ್ಟು ತೋರಿಸಿ, "ಈ ಸಲ ಒಂದರಾಗ ಮುಗಸ್ರಿ" ಎಂದಳು. ಒಂದರಲ್ಲೇ ಮುಗಿಯಿತು. ಕುದುರೆ ಬೀಳುವಾಗ ಹಗ್ಗ ಎಳೆದು ಆಕೆಯೂ ಅದರ ಮೇಲೆ ಬಿದ್ದಳು. ಎಬ್ಬಿಸಿದಾಗ ಆಕೆಯ ರಕ್ತ ಯಾವುದು, ಕುದುರೆಯ ರಕ್ತ ಯಾವುದು ತಿಳಿಯಲಿಲ್ಲ.

ಆ ವಾರದ ಕೊನೆಗೆ ಆಕೆಯ ದವಡೆ ಬಿಗಿಯಿತು. ಧನುರ್ವಾಯು. ದವಾಖಾನೆಯವರು ನೋಡಿ, ಕತ್ತಲೆ ಕೋಣೆಯಲ್ಲಿಡಿ, ಸದ್ದು ಬೇಡ, ಬೆಳಕು ಬೇಡ, ಮೈ ಮುಟ್ಟಬೇಡಿ ಎಂದರು. ಪಾತ್ರೆ ಸಪ್ಪಳವಾದರೂ ಸಾಕು, ಆಕೆಯ ಬೆನ್ನು ಕಮಾನಿನಂತೆ ಮೇಲೇಳುತ್ತಿತ್ತು. ಹಿಮ್ಮಡಿ ಮತ್ತು ನೆತ್ತಿ ಮಾತ್ರ ಹಾಸಿಗೆಗೆ ತಾಗುತ್ತಿದ್ದವು. ನಾಲಿಗೆ ಕಚ್ಚಿ ರಕ್ತ ಬರುತ್ತಿತ್ತು. ಎಚ್ಚರ ಮಾತ್ರ ಪೂರ್ತಿ ಇತ್ತು. ನಾನು ಒದ್ದೆ ಬಟ್ಟೆ ಹಿಡಿದು ನೊಣ ಬರದಂತೆ ಕಾಯುತ್ತಿದ್ದೆ.

ಗುಲಾಬಸಾಬ ಅಂಗಳದ ಮುಳ್ಳುಬೇಲಿಯನ್ನು ಬರಿಗೈಯಲ್ಲಿ ಕಿತ್ತು ಹಾಕಿದ್ದ. ಆದರೆ ಹೊಸ್ತಿಲು ದಾಟಲಿಲ್ಲ. ಬಾಗಿಲ ಹೊರಗೆ ಕೂತಿರುತ್ತಿದ್ದ. ಬೀದಿಯಲ್ಲಿ ಟಾಂಗಾ ಬಂದರೆ ಓಡಿಹೋಗಿ ಕುದುರೆಯ ಮೂತಿ ಹಿಡಿದು, ಗೊರಸಿನ ಸದ್ದಾಗದಂತೆ ಒಂದೊಂದೇ ಹೆಜ್ಜೆ ನಡೆಸಿ ಮನೆ ದಾಟಿಸುತ್ತಿದ್ದ. ಬೈದವರಿಗೆ ಮಾತಾಡದೆ ಗುದ್ದುತ್ತಿದ್ದ.

ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ಒಂದು ನೊಣ ಒಳಗೆ ಬಂತು. ಕೋಣೆಯಲ್ಲಿ ಎರಡು ಸುತ್ತು ತಿರುಗಿ ಆಕೆಯ ಎಡಗೈ ಮೇಲೆ, ಹಳೆಯ ಗಂಟುಗಳ ನಡುವೆ ಕೂತಿತು. ಸಂದಿಯ ಬೆಳಕು ಗೆರೆಯಾಗಿ ಅಲ್ಲಿಯೇ ಬಿದ್ದಿತ್ತು. ಆಕೆಯ ಮೈ ಬಿಗಿಯುವುದು ಕಾಣಿಸಿತು. ನಾನು ಬಟ್ಟೆ ಎತ್ತಿದೆ.

ಆಕೆಗೆ ಕುತ್ತಿಗೆ ತಿರುಗಿಸಲು ಬರುತ್ತಿರಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ಹೊರಳಿದವು. ಕಚ್ಚಿದ ಹಲ್ಲಿನ ಸಂದಿಯಿಂದ ಮಾತು ಒಂದೊಂದಾಗಿ ಬಂತು.

"ಹೊಡೀಬ್ಯಾಡ, ಸತ್ಯವ್ವಾ. ಹೊಡದರ ಹೋಗತಾವು." ಉಸಿರು ಎಳೆದುಕೊಂಡಳು. "ನೀ ಒಬ್ಬಾಕೀನ ನೋಡಬ್ಯಾಡ. ಗುಲಾಬನ್ನೂ ಒಳಗ ಕರಿ. ಇಬ್ಬರೂ ನೋಡಿ ಹೇಳ್ರಿ ನನಗ, ಅದರ ಕಣ್ಣಾಗ ಪಟ್ಟಿ ಅದಾವೋ, ಇಲ್ಲೋ?"